ಮೊದಲು ಏನು ಮಾಡಬೇಕು

ಪರೀಕ್ಷೆಯಲ್ಲಿ ಫೇಲಾಗುವುದು ಅಂಥ ದೊಡ್ಡ ಅವಮಾನವೇನಲ್ಲ. ಫೇಲಾದ ಮಾರನೆಯ ದಿನ ಚರ್ಚಿನಲ್ಲಿ ಎದ್ದು ನಿಂತು, ಪಾಸಾದವಳ ಹಾಗೆ ನಗುನಗುತ್ತಾ ಕೈಬೀಸಿ, ಊರಿನವರ ಚಪ್ಪಾಳೆ ತೆಗೆದುಕೊಳ್ಳುವುದು ಅವಮಾನ. ಈ ವ್ಯತ್ಯಾಸವನ್ನು ರೆನೆಟ್ಟಾ ಗ್ಯಾಡ್ಸ್‌ಡನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಫೆಬ್ರವರಿಯಿಂದ ಅವಳು ಅದನ್ನೇ ಉಂಡು ಅದನ್ನೇ ಹೊದ್ದು ಮಲಗುತ್ತಿದ್ದಳು.

ಅವಳು ನಮ್ಮೂರಿನ ಕೌನ್ಸೆಲಿಂಗ್ ಕ್ಲಿನಿಕ್ಕಿನಲ್ಲಿ ಸೋಶಿಯಲ್ ವರ್ಕರ್. ನಿದ್ದೆ ಬಾರದವರು, ಕುಡಿತ ಬಿಡಲಾರದವರು, ಗಂಡನನ್ನೋ ಮಗನನ್ನೋ ಮಣ್ಣು ಮಾಡಿ ಬಂದವರು ಅವಳೆದುರು ಬಂದು ಕೂರುತ್ತಾರೆ. ಹಿರಿಯರಾದ ರಟ್ಲೆಜ್ ಅವರ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ದುಡಿದಾಗಿತ್ತು. ಇನ್ನು ಕ್ಲಿನಿಕಲ್ ಲೈಸೆನ್ಸಿನ ಪರೀಕ್ಷೆಯೊಂದು ಪಾಸಾದರೆ ಯಾರ ಮೇಲ್ವಿಚಾರಣೆಯೂ ಇಲ್ಲದೆ ತಾನೇ ಚಿಕಿತ್ಸೆ ಕೊಡಬಹುದು. ನಮ್ಮ ಚರ್ಚಿನ ಬೆಂಚುಗಳಲ್ಲಿ ಬೆಳೆದ ಯಾರೂ ಅಲ್ಲಿಯತನಕ ಹೋದವರಿಲ್ಲ. ಹಾಗಾಗಿ ಆ ಪರೀಕ್ಷೆ ಅವಳೊಬ್ಬಳದಾಗಿ ಉಳಿಯದೆ ಇಡೀ ಚರ್ಚಿನದಾಗಿ ಹೋಗಿತ್ತು.

ಹಾಗಾಗಲು ಕಾರಣ ದೊಡ್ಡಮ್ಮ ಕೊರೀನ್. ತಾಯಿ ತೀರಿಕೊಂಡ ಮೇಲೆ ರೆನೆಟ್ಟಾಳನ್ನು ಸಾಕಿ ಓದಿಸಿದವಳು. ಭಾನುವಾರ ಬಿಳಿ ಗ್ಲೌಸು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತು, ತಡವಾಗಿ ಬಂದವರನ್ನು ಕಣ್ಣಲ್ಲೇ ಸುಡುವವಳು. ನಮ್ಮಲ್ಲಿ ಒಂದು ರೂಢಿಯಿದೆ. ದೇವರ ಹತ್ತಿರ ಕೇಳಿದ್ದು ಕೈಗೆ ಬರುವ ಮೊದಲೇ, ಬಂದೇಬಿಟ್ಟಿತು ಎಂದು ಎಲ್ಲರೆದುರು ಸ್ತೋತ್ರ ಹೇಳಿಬಿಡುವುದು. ಹಾಗೆ ಹೇಳದಿದ್ದರೆ ನಂಬಿಕೆ ಸಾಲದು ಎಂದು ಅರ್ಥ. ದೊಡ್ಡಮ್ಮನಿಗೆ ಬೇರೆ ಏನು ಕಡಿಮೆಯಿದ್ದರೂ ನಂಬಿಕೆ ಕಡಿಮೆಯಿರಲಿಲ್ಲ. ಹೊಸ ವರ್ಷದಿಂದಲೇ ಪ್ರತಿ ವಾರವೂ ಎದ್ದು ನಿಂತು, ತನ್ನ ಹುಡುಗಿ ಪಾಸಾದದ್ದಕ್ಕೆ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಿದ್ದಳು. ಪರೀಕ್ಷೆಯ ದಿನ ಇನ್ನೂ ಗೊತ್ತಾಗಿಯೂ ಇರಲಿಲ್ಲ.

ಫೆಬ್ರವರಿಯ ಒಂದು ಶನಿವಾರ ರೆನೆಟ್ಟಾ ಚಾರ್ಲ್ಸ್‌ಟನ್‌ಗೆ ಹೋಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕಂಪ್ಯೂಟರಿನ ಮುಂದೆ ಕೂತು ಬರೆದಳು. ಕೊನೆಯ ಪ್ರಶ್ನೆ ಮುಗಿಸಿದ ಕೂಡಲೇ ಫಲಿತಾಂಶ ತೆರೆಯ ಮೇಲೇ ಬಂತು. ಸ್ವಲ್ಪದರಲ್ಲಿ ತಪ್ಪಿತ್ತು. ದೂರದಲ್ಲಿ ತಪ್ಪಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ವಾಪಸು ಬರುವಾಗ ರಸ್ತೆ ಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡು, ಕಾರಿನಲ್ಲೇ ಕೂತು, ಸುಲಿಯುತ್ತಾ ತಿನ್ನುತ್ತಾ ಅತ್ತಳು. ಮನೆಗೆ ಬಂದರೆ ದೊಡ್ಡಮ್ಮ ಕೆಂಪು ಕೇಕಿಗೆ ಬಿಳಿ ಕೆನೆ ಬಳಿಯುತ್ತಿದ್ದಳು. ಏನಾಯಿತೆಂದು ಕೇಳಲೂ ಇಲ್ಲ. ಕೇಳುವುದೆಂದರೆ ಅನುಮಾನ ಪಟ್ಟ ಹಾಗಲ್ಲವೇ? ನಾಳೆ ಚರ್ಚು ಮುಗಿಸಿ ಬಂದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ರೆನೆಟ್ಟಾ ಅಂದುಕೊಂಡಳು.

ಮರುದಿನ ಪಾಸ್ಟರ್ ಬ್ರೌನ್‌ಲೀ ಉಪದೇಶ ಶುರು ಮಾಡುವ ಮೊದಲು ಅವಳ ಹೆಸರು ಕೂಗಿದರು. ನಮ್ಮ ಮಗಳು ನಿನ್ನೆ ಗೆದ್ದು ಬಂದಿದ್ದಾಳೆ, ಎದ್ದು ನಿಲ್ಲಮ್ಮಾ ಎಂದರು. ಆರ್ಗನ್ ನುಡಿಯಿತು. ಜನರೆಲ್ಲ ತಿರುಗಿದರು. ಬಾಗಿಲ ಬಳಿ ದೊಡ್ಡಮ್ಮ ಬಿಳಿ ಗ್ಲೌಸಿನ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ರೆನೆಟ್ಟಾ ಎದ್ದಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದರ ಬದಲು ಕೈ ತಾನಾಗಿಯೇ ಮೇಲೆದ್ದು ಬೀಸಿತು. ಮಹಿಳಾ ಸಂಘದವರು ಮುಂದಿನ ವಾರ ಅವಳ ಹೆಸರು, ಅದರ ಮುಂದೆ ಇನ್ನೂ ಸಿಕ್ಕದ ಪದವಿ ಎರಡನ್ನೂ ಕೊರೆಸಿದ ಮರದ ಫಲಕ ತಂದುಕೊಟ್ಟರು, ಆಫೀಸಿನ ಮೇಜಿನ ಮೇಲಿಡಲು. ಅದು ಅವತ್ತಿನಿಂದ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಟೈರಿನ ಪಕ್ಕ ಮಲಗಿದೆ.

ಮತ್ತೆ ಪರೀಕ್ಷೆಗೆ ಕೂರಲು ಮೂರು ತಿಂಗಳು ಕಾಯಬೇಕೆಂಬ ನಿಯಮ. ಮೇ ತಿಂಗಳಲ್ಲಿ ಗುಟ್ಟಾಗಿ ಬರೆದು ಪಾಸಾಗಿಬಿಟ್ಟರೆ ಸುಳ್ಳು ತಾನಾಗಿಯೇ ನಿಜವಾಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂಬುದು ಅವಳ ಲೆಕ್ಕ. ನಿಜ ಗೊತ್ತಿದ್ದವರು ರಟ್ಲೆಜ್ ಒಬ್ಬರೇ. ಅವರು ಬೇರೆ ಊರಿನವರು, ನಮ್ಮ ಚರ್ಚಿಗೂ ಬರುವವರಲ್ಲ. ಯಾರಿಗೂ ಹೇಳಬೇಡಿ ಎಂದು ಅವಳು ಕೇಳಿಕೊಂಡಾಗ, ಹೇಳುವುದಿಲ್ಲ, ಆದರೆ ಇಷ್ಟು ಭಾರ ಹೊತ್ತುಕೊಂಡು ಓದೋಕಾಗುತ್ತಾ ನೋಡಿಕೋ ಎಂದಿದ್ದರು.

ಓದಿದಳು. ಮನೆಯಲ್ಲಿ ಓದುವಂತಿಲ್ಲ, ಪಾಸಾದವಳು ಯಾಕೆ ಓದುತ್ತಾಳೆ? ಊಟದ ಹೊತ್ತಿನಲ್ಲಿ ಲಾಂಡ್ರಿಯ ಹಿಂದೆ ಕಾರು ನಿಲ್ಲಿಸಿ, ಪ್ರಶ್ನೆ ಉತ್ತರ ಬರೆದಿಟ್ಟುಕೊಂಡ ಕಾರ್ಡುಗಳನ್ನು ಸ್ಟೀರಿಂಗಿನ ಮೇಲೆ ಹರಡಿಕೊಂಡು ಬಾಯಿಪಾಠ ಮಾಡಿದಳು. ಆ ಪರೀಕ್ಷೆಯ ಸ್ವಭಾವವೇ ಬೇರೆ. ಒಂದು ಸಂಗತಿ ಹೇಳುತ್ತಾರೆ, ನಾಲ್ಕು ಉತ್ತರ ಕೊಡುತ್ತಾರೆ, ನಾಲ್ಕೂ ಹೆಚ್ಚುಕಡಿಮೆ ಸರಿಯೇ ಇರುತ್ತವೆ. ಕೊನೆಯಲ್ಲಿ ಕೇಳುತ್ತಾರೆ: ಮೊದಲು ಏನು ಮಾಡಬೇಕು? ಈ ‘ಮೊದಲು’ ಎಂಬಲ್ಲೇ ರೆನೆಟ್ಟಾ ಪ್ರತಿಸಲ ಜಾರಿ ಬೀಳುತ್ತಿದ್ದಳು. ಎರಡನೆಯದಾಗಿ ಮಾಡಬೇಕಾದ್ದನ್ನು ಬಹಳ ಚೆನ್ನಾಗಿ ಗುರುತಿಸುತ್ತಿದ್ದಳು. ಆದ್ದರಿಂದ ಯಾವ ವಿಷಯಕ್ಕೆ ಯಾವ ಉತ್ತರ ಎಂದು ಜೋಡಿ ಮಾಡಿಟ್ಟುಕೊಂಡಳು. ಚಿಕಿತ್ಸೆಗೆ ಬಂದವರು ಸಿಟ್ಟಾದರೆ ಇದು, ಅತ್ತರೆ ಇದು, ಉಡುಗೊರೆ ತಂದರೆ ಇದು.

ಉಡುಗೊರೆ ಬಂದದ್ದು ಒಂದು ಮಂಗಳವಾರ.

ಮಿಸ್ ಅರ್ನೆಸ್ಟೀನ್ ಮೌಲ್ಟ್ರಿ ನಮ್ಮೂರಿನ ಶಾಲೆಯ ಅಡುಗೆಮನೆಯಲ್ಲಿ ಜೀವಮಾನವಿಡೀ ದುಡಿದ ಹೆಂಗಸು. ಮದುವೆಯಾದವರಾದರೂ ಹಿರಿಯ ಹೆಂಗಸರನ್ನು ನಮ್ಮಲ್ಲಿ ಮಿಸ್ ಎಂದೇ ಕರೆಯುವುದು. ರೆನೆಟ್ಟಾಳ ತಟ್ಟೆಗೂ ಟೊಮೆಟೊ ಹಾಕಿ ಬೇಯಿಸಿದ ಕೆಂಪನ್ನ ಬಡಿಸಿದವರೇ. ಚರ್ಚಿನಲ್ಲಿ ಎಡಗಡೆಯ ಮೂರನೆಯ ಬೆಂಚು ಅವರದು. ಪರಿಚಯದವರಿಗೆ ಚಿಕಿತ್ಸೆ ಕೊಡಬಾರದು ಎಂದು ಪುಸ್ತಕದಲ್ಲಿದೆ. ಪುಸ್ತಕ ಬರೆದವರು ಒಂದೇ ಕ್ಲಿನಿಕ್ಕಿರುವ ಊರಿನಲ್ಲಿ ಬದುಕಿದವರಲ್ಲ. ಶರತ್ಕಾಲದಲ್ಲಿ ಗಂಡ ಲೂಷಿಯಸ್ ತೀರಿಕೊಂಡ ಮೇಲೆ ಅನ್ನ ನಿದ್ದೆ ಬಿಟ್ಟಿದ್ದ ಅವರನ್ನು ಡಾಕ್ಟರು ಇಲ್ಲಿಗೆ ಕಳಿಸಿದ್ದರು. ಮೊದಲ ತಿಂಗಳು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾದವರ ಹಾಗೆ ಸುಮ್ಮನೆ ಕೂತು ಹೋಗುತ್ತಿದ್ದರು. ಆಮೇಲೆ ಒಂದೊಂದು ಮಾತು ಬಂತು.

ಈಚಿನ ಎರಡು ಮೂರು ವಾರ ಅವರು ಬೇರೆಯೇ ಆಗಿದ್ದರು. ಕೂದಲು ಮಾಡಿಸಿಕೊಂಡಿದ್ದರು. ಲೂಷಿಯಸ್ಸನ ಬಟ್ಟೆಗಳನ್ನೆಲ್ಲ ಮಡಿಸಿ ಹಂಚಿದೆ, ಮನೆ ಒಪ್ಪವಾಯಿತು, ಈಗ ಮನಸ್ಸು ಹಗುರ ಎಂದಿದ್ದರು. ರೆನೆಟ್ಟಾ ಹಿಗ್ಗಿದ್ದಳು. ಪರೀಕ್ಷೆ ಏನಾದರೂ ಆಗಲಿ, ಕೈಯಲ್ಲಿ ಗುಣವಿದೆ ನನಗೆ ಎಂದುಕೊಂಡಿದ್ದಳು. ಚೇತರಿಕೆ ಚೆನ್ನಾಗಿದೆ ಎಂದು ಕಡತದಲ್ಲಿ ಬರೆದಿದ್ದಳು.

ಆ ಮಂಗಳವಾರ ಮಿಸ್ ಅರ್ನೆಸ್ಟೀನ್ ಒಂದು ಬುಟ್ಟಿಯನ್ನು ತಂದು ಮೇಜಿನ ಮೇಲಿಟ್ಟರು. ಅವರ ಅಜ್ಜಿ ಉಪ್ಪುನೀರ ಬದಿಯ ಹುಲ್ಲು ಕೊಯ್ದು ಒಣಗಿಸಿ ಹೆಣೆದ ಮುಚ್ಚಳದ ಬುಟ್ಟಿ. ಅವರ ಮನೆಯ ಹಜಾರದಲ್ಲಿ ಎತ್ತರದ ಕಪಾಟಿನ ಮೇಲೆ ಅದು ಇರುತ್ತಿತ್ತು. ಮಕ್ಕಳು ಮುಟ್ಟಿದರೆ ಕೈಗೆ ಏಟು ಬೀಳುತ್ತಿತ್ತು. ರೆನೆಟ್ಟಾಗೂ ಒಮ್ಮೆ ಬಿದ್ದಿತ್ತು.

“ಇದು ನಿನ್ನ ಹತ್ರ ಇರಲಿ ಮಗಾ,” ಎಂದರು. “ನೀನಾದ್ರೆ ಜೋಪಾನವಾಗಿ ನೋಡ್ಕೋತೀಯ.”

ರೆನೆಟ್ಟಾಳ ತಲೆಯಲ್ಲಿ ಕಾರ್ಡುಗಳು ಸರಸರನೆ ಮಗುಚಿದವು. ಉಡುಗೊರೆ. ಬೆಲೆ ಬಾಳುವ ಉಡುಗೊರೆ. ತೆಗೆದುಕೊಳ್ಳಬಾರದು, ಆದರೆ ಮುಖಕ್ಕೆ ಹೊಡೆದಂತೆ ನಿರಾಕರಿಸಲೂಬಾರದು. ಅದು ಕೊಡುವವರಿಗೆ ಏನೆಂದು ಮಾತಾಡಿಸಬೇಕು. ಉತ್ತರ ಸಿಕ್ಕ ಖುಷಿಯಲ್ಲಿ ಅವಳ ಬೆನ್ನು ನೆಟ್ಟಗಾಯಿತು. ಎದುರಿಗಿದ್ದ ಮುಖವನ್ನು ಅವಳು ನೋಡಲೇ ಇಲ್ಲ.

“ಮಿಸ್ ಅರ್ನೆಸ್ಟೀನ್, ಈ ಉಡುಗೊರೆ ಕೊಡೋದರ ಹಿಂದೆ ನಿಮ್ಮ ಭಾವನೆ ಏನು ಅನ್ನೋದನ್ನ ನಾವು ಸ್ವಲ್ಪ ಮಾತಾಡೋಣ್ವಾ?”

ಮುದುಕಿ ಅವಳನ್ನೇ ನೋಡಿದರು. “ಬುಟ್ಟಿ ಕೊಟ್ರೆ ಬುಟ್ಟಿ ಇಟ್ಕೋ ಅಂತ. ಅದರ ಹಿಂದೆ ಇನ್ನೇನಿರುತ್ತೆ?”

ರೆನೆಟ್ಟಾ ಕ್ಲಿನಿಕ್ಕಿನ ನಿಯಮ ವಿವರಿಸಿದಳು. ಮೃದುವಾಗಿಯೇ ವಿವರಿಸಿದಳು, ಮೃದುವಾಗಿ ವಿವರಿಸುವುದೂ ಕಾರ್ಡಿನಲ್ಲಿತ್ತು. ಮಿಸ್ ಅರ್ನೆಸ್ಟೀನ್ ಅರ್ಧಕ್ಕೇ ಬುಟ್ಟಿಯನ್ನು ಎತ್ತಿಕೊಂಡು ಎದ್ದರು. ಎಂಜಲು ತಟ್ಟೆ ವಾಪಸು ತೆಗೆದುಕೊಂಡು ಹೋಗುವವರ ಹಾಗೆ ಅದನ್ನು ಮೈಯಿಂದ ದೂರ ಹಿಡಿದಿದ್ದರು. ಬಾಗಿಲ ಹತ್ತಿರ ನಿಂತು ಖಾಲಿ ಮೇಜನ್ನು ನೋಡಿ, ನಾವು ಕೊಟ್ಟ ಫಲಕವನ್ನೂ ಇಟ್ಟುಕೊಳ್ಳಲಿಲ್ಲವಾ ಎಂದು ಮಾತ್ರ ಕೇಳಿದರು. ಇನ್ನೂ ಜಾಗ ಮಾಡಿಲ್ಲ ಎಂದು ರೆನೆಟ್ಟಾ ಸುಳ್ಳು ಹೇಳಿದಳು. ಅವರು ಹೋದ ಮೇಲೆ ಸ್ವಲ್ಪ ಹೊತ್ತು ಮನಸ್ಸು ಕಸಿವಿಸಿಗೊಂಡಿತು. ಆದರೆ ಉತ್ತರ ಸರಿಯಿತ್ತಲ್ಲ ಎಂದು ತನ್ನನ್ನು ತಾನೇ ತಟ್ಟಿಕೊಂಡಳು.

ಗುರುವಾರ ಸಂಜೆ ರಟ್ಲೆಜ್ ಅವರ ಕೋಣೆಯಲ್ಲಿ ಪಾಠ. ದಪ್ಪ ಕನ್ನಡಕದ, ಮಾತಿಗೊಮ್ಮೆ ಕೆಮ್ಮುವ ಮನುಷ್ಯ ಅವರು. ವಾರದ ಕೆಲಸ ವಿಚಾರಿಸಿದ ಮೇಲೆ ಅವಳಿಗೋಸ್ಕರ ಅಭ್ಯಾಸದ ಪ್ರಶ್ನೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಬುಟ್ಟಿಯ ವಿಷಯವನ್ನು ಅವಳು ಹೇಳಿರಲಿಲ್ಲ. ಸರಿಯಾಗಿ ನಿಭಾಯಿಸಿದ್ದನ್ನು ಹೇಳುವುದೇನಿದೆ?

ನಾಲ್ಕೈದು ಪ್ರಶ್ನೆಗಳಾದ ಮೇಲೆ ಅವರು ಓದಿದರು. ಇಬ್ಬರು ಮಕ್ಕಳ ತಂದೆ, ವಯಸ್ಸಾದವನು, ಹೆಂಡತಿ ತೀರಿಕೊಂಡು ಕೆಲವು ತಿಂಗಳಾಗಿದೆ. ಬಹಳ ದಿನ ಮಂಕಾಗಿದ್ದವನು ಇತ್ತೀಚೆಗೆ ಇದ್ದಕ್ಕಿದ್ದಂತೆ ಗೆಲುವಾಗಿದ್ದಾನೆ. ಒಂದು ದಿನ ತನ್ನ ತಂದೆಯ ಚಿನ್ನದ ಗಡಿಯಾರ ತಂದು ಸೋಶಿಯಲ್ ವರ್ಕರ್‌ಗೆ ಕೊಡುತ್ತಾನೆ. ಅವಳು ಮೊದಲು ಏನು ಮಾಡಬೇಕು?

ನಾಲ್ಕು ಉತ್ತರಗಳನ್ನು ಅವರು ಓದುವ ಮೊದಲೇ ರೆನೆಟ್ಟಾ ಹೇಳಿದಳು. ಉಡುಗೊರೆ ಕೊಡುವುದರ ಹಿಂದಿನ ಭಾವನೆಯನ್ನು ಕುರಿತು ಮಾತಾಡಿಸಬೇಕು. ಇದೊಂದರಲ್ಲಿ ನಾನು ತಪ್ಪುವುದಿಲ್ಲ ಎಂದೂ ಸೇರಿಸಿದಳು.

ರಟ್ಲೆಜ್ ಕನ್ನಡಕ ತೆಗೆದರು. “ಇದು ಉಡುಗೊರೆಯ ಪ್ರಶ್ನೆ ಅಲ್ಲ ರೆನೆಟ್ಟಾ. ಸಾಯೋಕೆ ಹೊರಟಿರೋ ಮನುಷ್ಯ ಇವನು. ಇರೋದನ್ನ ಹಂಚ್ತಿದಾನೆ. ನೀನು ಗಡಿಯಾರ ನೋಡ್ದೆ, ಅವನನ್ನ ನೋಡ್ಲಿಲ್ಲ.”

ಅವಳಿಗೆ ಮಿಸ್ ಅರ್ನೆಸ್ಟೀನ್ ನೆನಪಾದರು. ಕೂದಲು ಮಾಡಿಸಿಕೊಂಡದ್ದು, ಬಟ್ಟೆ ಹಂಚಿದ್ದು, ಮನೆ ಒಪ್ಪ ಮಾಡಿದ್ದು, ಮನಸ್ಸು ಹಗುರ ಎಂದದ್ದು, ಜೋಪಾನವಾಗಿ ನೋಡ್ಕೋತೀಯ ಎಂದದ್ದು. ಮೊದಲನೇ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಗುರುತುಗಳು ಒಂದೊಂದಾಗಿ ಅವಳ ಮೇಜಿನ ಮೇಲೆ ಬಂದು ಕೂತಿದ್ದವು. ಅವಳು ಅದಕ್ಕೆ ಚೇತರಿಕೆ ಎಂದು ಹೆಸರು ಕೊಟ್ಟು ಬೆನ್ನು ತಟ್ಟಿಕೊಂಡಿದ್ದಳು.

ಆಗಲಾದರೂ ರಟ್ಲೆಜ್ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಎದ್ದು ಬಂದಳು. ಇದನ್ನು ಬರೆಯುವಾಗಲೂ ಅವಳ ಮೇಲೆ ಕೋಪ ಬರುತ್ತದೆ. ಒಂದು ಜೀವ ಇದೆಯೋ ಇಲ್ಲವೋ ಗೊತ್ತಿಲ್ಲ, ಆ ಹೊತ್ತಿನಲ್ಲೂ ಅವಳಿಗೆ ಬೇಕಾದದ್ದು ತನ್ನ ಮಾನ ಉಳಿಯುವುದು. ಕಾರಿನಿಂದ ಮಿಸ್ ಅರ್ನೆಸ್ಟೀನ್‌ಗೆ ಫೋನು ಮಾಡಿದಳು. ಹೊಡೆದುಕೊಂಡೇ ಹೋಯಿತು, ಯಾರೂ ಎತ್ತಲಿಲ್ಲ.

ಅವರ ಮನೆ ಹೊಳೆಯಾಚೆ ದ್ವೀಪದಲ್ಲಿ. ಸೇತುವೆಯ ಹತ್ತಿರ ಬಂದರೆ ಕೆಂಪು ದೀಪ, ಅಡ್ಡ ಇಳಿದ ಗೇಟು. ಯಾರೋ ಶ್ರೀಮಂತರ ಹಾಯಿದೋಣಿ ಹೋಗಲೆಂದು ಸೇತುವೆ ಮಧ್ಯದಲ್ಲಿ ಸೀಳಿ ಮೇಲೆದ್ದು ನಿಂತಿತ್ತು. ದೋಣಿಗೆ ಯಾವ ಅವಸರವೂ ಇರಲಿಲ್ಲ. ರೆನೆಟ್ಟಾ ಎಂಜಿನ್ ಆರಿಸಿ ಕೂತಳು. ಮತ್ತೆ ಫೋನು ಮಾಡಿದಳು, ಮತ್ತೆ ಯಾರೂ ಎತ್ತಲಿಲ್ಲ. ಪಕ್ಕದ ಸೀಟಿನ ಮೇಲೆ ಕಾರ್ಡುಗಳ ಕಟ್ಟು ಬಿದ್ದಿತ್ತು. ಅದನ್ನು ಎತ್ತಿ ಹಿಂದಿನ ಸೀಟಿಗೆ ಎಸೆದಳು. ತಾನು ಮೂರು ತಿಂಗಳಿಂದ ಓದಿದ್ದು ಜನರಿಗೆ ಆಸರೆಯಾಗಲು ಅಲ್ಲ, ಒಂದು ಚಪ್ಪಾಳೆಯನ್ನು ಉಳಿಸಿಕೊಳ್ಳಲು ಎಂಬುದು ಅವಳಿಗೆ ಅಲ್ಲಿ, ಆ ಗೇಟಿನ ಮುಂದೆ, ಬೆತ್ತಲೆಯಾಗಿ ಕಂಡಿತು. ಇಷ್ಟು ನಾಚಿಕೆ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ. ರಟ್ಲೆಜ್ ಅವರ ನಂಬರು ಒತ್ತಿದಳು.

ಎಲ್ಲವನ್ನೂ ಹೇಳಿದಳು. ಬುಟ್ಟಿ, ಬಟ್ಟೆ, ತಾನು ಆಡಿದ ಮಾತು, ಹೊಟ್ಟೆ ಸರಿಯಿಲ್ಲ ಎಂದದ್ದೂ ಸುಳ್ಳು. ಆಚೆ ಕಡೆ ಅವರು ಕೆಮ್ಮಲೂ ಇಲ್ಲ. ಬೈಯಲಿ ಎಂದು ಕಾದಳು. ಬೈಯಲಿಲ್ಲ. ಮಿಸ್ ಅರ್ನೆಸ್ಟೀನ್ ಮನೆಗೆ ಯಾರನ್ನಾದರೂ ಈಗಲೇ ಕಳಿಸುವ ವ್ಯವಸ್ಥೆ ಮಾಡುತ್ತೇನೆ, ನಾನೂ ಹೊರಟೆ, ನಿನಗೆ ದಾರಿ ಬಿಟ್ಟ ಕೂಡಲೇ ನೀನು ಹೋಗು ಎಂದರು.

“ಹೋಗಿ ಸುತ್ತಿ ಬಳಸಿ ಮಾತಾಡ್ಬೇಡ. ನೇರವಾಗಿ ಕೇಳು. ಆಮೇಲೆ ಬಾಯಿ ಮುಚ್ಕೊಂಡು ಕೇಳಿಸ್ಕೋ.”

ಸೇತುವೆ ಇಳಿಯಿತು.

ಮಿಸ್ ಅರ್ನೆಸ್ಟೀನ್ ಮನೆಯ ಮುಂದಿನ ಜಗಲಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದರು. ಪಕ್ಕದ ಮನೆಯವಳು, ರಟ್ಲೆಜ್ ಫೋನು ಮಾಡಿದ ಮೇಲೆ ಪಾಸ್ಟರ್ ಹೇಳಿ ಕಳಿಸಿದಂತೆ ಬಂದವಳು, ಮೆಟ್ಟಿಲ ಮೇಲೆ ಏನೂ ತಿಳಿಯದವಳ ಹಾಗೆ ಕೂತಿದ್ದಳು. ರೆನೆಟ್ಟಾಳನ್ನು ಕಂಡು ಒಳಗೆ ಕಾಫಿ ಮಾಡಲು ಹೋದಳು. ಬದುಕಿದ್ದಾರೆ. ಸಿಗಡಿ ಸುಲಿಯುತ್ತಿದ್ದಾರೆ. ರೆನೆಟ್ಟಾ ಮೆಟ್ಟಿಲ ಮೇಲೆ ಕುಕ್ಕರಿಸಿದಳು.

ಮುದುಕಿ ತಲೆ ಎತ್ತಲಿಲ್ಲ. ಫೋನು ಬಡಿದುಕೊಂಡದ್ದು ಕೇಳಿಸಿತ್ತಂತೆ, ಕ್ಲಿನಿಕ್ಕಿನವರ ಹತ್ತಿರ ಮಾತಾಡುವ ಮನಸ್ಸಿರಲಿಲ್ಲವಂತೆ. ಭಾವನೆಗಳನ್ನು ಕುರಿತು ವಿಚಾರಿಸಲು ಮನೆಯವರೆಗೂ ಬಂದೆಯಾ ಎಂದು ಚುಚ್ಚಿದರು. ರೆನೆಟ್ಟಾ ಆ ಏಟನ್ನು ತಿಂದಳು. ಅದಕ್ಕೆ ತಕ್ಕವಳೇ ತಾನು.

“ಮಿಸ್ ಅರ್ನೆಸ್ಟೀನ್, ಮಂಗಳವಾರ ಕೇಳ್ಬೇಕಾಗಿದ್ದನ್ನ ನಾನು ಕೇಳ್ಲಿಲ್ಲ. ಈಗ ಕೇಳ್ತೀನಿ. ನಿಮಗೆ ಸಾಯ್ಬೇಕು ಅನ್ನಿಸ್ತಿದೆಯಾ?”

ಸುಲಿಯುವ ಕೈ ನಿಂತಿತು. ರೆನೆಟ್ಟಾ ಬಾಯಿ ಮುಚ್ಚಿಕೊಂಡು ಕಾದಳು. ಇಂಥ ಮೌನದಲ್ಲಿ ಹೇಳಬೇಕಾದ ಮಾತು ಯಾವ ಕಾರ್ಡಿನಲ್ಲಿತ್ತೋ, ಅವಳಿಗೆ ನೆನಪಾಗಲಿಲ್ಲ.

“ಮಂಗಳವಾರ ಕೇಳಿದ್ರೆ ಹೂಂ ಅಂತಿದ್ದೆ,” ಎಂದರು ಮಿಸ್ ಅರ್ನೆಸ್ಟೀನ್ ಕೊನೆಗೆ. “ಎಲ್ಲಾ ತಯಾರಿ ಮಾಡ್ಕೊಂಡಿದ್ದೆ. ಲೂಷಿಯಸ್ಸಂದು ಮಾತ್ರೆ ಎಲ್ಲಾ ಹಾಗೇ ಇದೆ. ಬುಟ್ಟಿ ಒಂದನ್ನ ಯಾರಿಗಾದ್ರೂ ಕೊಟ್ಬಿಟ್ರೆ ಮುಗೀತು ಅಂತ ಬಂದೆ. ನೀನು ನನ್ನಜ್ಜಿ ಬುಟ್ಟೀನ ಹಳಸಿಹೋದ ಮೀನಿನ ಹಾಗೆ ವಾಪಸ್ ಕಳಿಸ್ದೆ. ಎಂಥಾ ಸಿಟ್ಟು ಬಂತು ಅಂದ್ರೆ, ದಾರಿಯೆಲ್ಲಾ ನಿನ್ನ ಬೈಕೊಂಡು ಬಂದೆ. ರಾತ್ರಿಯೆಲ್ಲಾ ಬೈದೆ. ಸಿಟ್ಟಲ್ಲಿರೋರಿಗೆ ಸಾಯೋಕೆ ಪುರುಸೊತ್ತೆಲ್ಲಿ.”

ಹಾಗೆಂದು ಒಂದು ಸಿಗಡಿಯನ್ನು ಪಾತ್ರೆಗೆ ಹಾಕಿದರು. ಸಿಟ್ಟು ಈಗ ಇಳಿಯುತ್ತಾ ಬಂದಿದೆ, ಅದು ಪೂರ್ತಿ ಇಳಿದ ಮೇಲೆ ಏನೋ ಗೊತ್ತಿಲ್ಲ ಎಂದು ಮೆಲ್ಲಗೆ ಸೇರಿಸಿದರು. ಆ ಕೊನೆಯ ಮಾತಿನಲ್ಲಿ ಅವರ ದನಿ ಚಿಕ್ಕ ಹುಡುಗಿಯದಾಗಿತ್ತು. ರೆನೆಟ್ಟಾ ಎದ್ದು ಹೋಗಿ ಪಕ್ಕದಲ್ಲಿ ಕೂತು, ಸಿಗಡಿಯ ವಾಸನೆಯ ಆ ಒದ್ದೆ ಕೈಯನ್ನು ಹಿಡಿದುಕೊಂಡಳು. ಚಿಕಿತ್ಸೆಗೆ ಬಂದವರ ಕೈ ಹಿಡಿಯಬಹುದೇ ಎಂಬುದಕ್ಕೂ ಒಂದು ಕಾರ್ಡಿತ್ತು.

“ನನ್ನ ತಪ್ಪು,” ಎಂದಳು. “ನೀವು ಅಷ್ಟು ಸ್ಪಷ್ಟವಾಗಿ ಹೇಳ್ತಿದ್ರಿ. ನಾನು ನೋಡ್ಲಿಲ್ಲ.”

ಮಿಸ್ ಅರ್ನೆಸ್ಟೀನ್ ಈಗ ಅವಳ ಕಡೆ ತಿರುಗಿದರು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು.

“ಅಲ್ಲಾ ಮಗಾ, ಅಷ್ಟು ದೊಡ್ಡ ಪರೀಕ್ಷೆ ಪಾಸ್ ಮಾಡಿದೀಯ. ಇದನ್ನ ಅದರಲ್ಲಿ ಕೇಳಲ್ವಾ?”

ಇಲ್ಲಿಯೂ ಜಾರಿಕೊಳ್ಳಬಹುದಿತ್ತು. ಕೇಳುತ್ತಾರೆ, ನನಗೆ ಹೊಳೆಯಲಿಲ್ಲ ಎಂದರೆ ಸಾಕಿತ್ತು, ಅದೂ ಸುಳ್ಳಾಗುತ್ತಿರಲಿಲ್ಲ. ಆದರೆ ಈಗಷ್ಟೇ ಈ ಹೆಂಗಸು ತನ್ನ ಸಾವನ್ನು ತೆಗೆದು ಜಗಲಿಯ ಮೇಲೆ ಇಟ್ಟಿದ್ದರು. ಅದರೆದುರು ಫಲಕದ ಸುಳ್ಳನ್ನು ಇನ್ನೂ ಮುಚ್ಚಿಟ್ಟುಕೊಂಡು ಕೂರುವುದು ರೆನೆಟ್ಟಾಳಿಂದ ಆಗಲಿಲ್ಲ.

“ಕೇಳ್ತಾರೆ,” ಎಂದಳು. “ನಾನು ಪಾಸಾಗಿಲ್ಲ ಮಿಸ್ ಅರ್ನೆಸ್ಟೀನ್. ಚರ್ಚಲ್ಲಿ ಎದ್ದು ನಿಂತಾಗ್ಲೂ ಪಾಸಾಗಿರ್ಲಿಲ್ಲ.”

ಮುದುಕಿ ಅವಳ ಮುಖವನ್ನು ಹೊಸದಾಗಿ ನೋಡಿದರು. ಆಮೇಲೆ ಅವರ ಭುಜ ಕುಲುಕಿತು. ಅಳುತ್ತಿದ್ದಾರೆಂದುಕೊಂಡರೆ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಂತೆ. ನಾನೂ ಎದ್ದು ನಿಂತು ಚಪ್ಪಾಳೆ ಹೊಡೆದೆ, ಮಂಡಿ ನೋಯುತ್ತಿತ್ತು, ಆದರೂ ಎದ್ದೆ ಎಂದರು. ನಗು ಇಳಿದ ಮೇಲೆ, ಕೊರೀನ್‌ಗೆ ಗೊತ್ತಾ ಎಂದು ಕೇಳಿದರು. ಇಲ್ಲವೆಂದು ರೆನೆಟ್ಟಾ ತಲೆಯಾಡಿಸಿದಾಗ ಅವರು ಕೈ ಬಿಡಿಸಿಕೊಂಡು ಮತ್ತೆ ಸಿಗಡಿ ಸುಲಿಯತೊಡಗಿದರು. ಕ್ಷಮಿಸಿದೆ ಎಂದೂ ಅನ್ನಲಿಲ್ಲ.

ರಟ್ಲೆಜ್ ಬಂದರು. ಡಾಕ್ಟರಿಗೆ ಫೋನು ಹೋಯಿತು. ವಾಲ್ಟರ್‌ಬರೋದಿಂದ ಮಿಸ್ ಅರ್ನೆಸ್ಟೀನ್ ಅವರ ತಂಗಿಯ ಮಗಳು ಬಂದು ಜೊತೆಯಲ್ಲಿ ಉಳಿಯುವುದೆಂದಾಯಿತು. ಮರುದಿನ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೆಂದಾಯಿತು. ಯಾವ ಹೊತ್ತಿಗೆ ಯಾರಿಗೆ ಫೋನು ಮಾಡಬೇಕೆಂದು ಮೂವರೂ ಕೂತು ಮಾತಾಡಿದರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಕೊಟ್ಟುಬಿಡಿ ಎಂದಾಗ ಮಿಸ್ ಅರ್ನೆಸ್ಟೀನ್ ಎದ್ದು ಒಳಗೆ ಹೋದರು. ಬರುವಾಗ ಅಜ್ಜಿಯ ಬುಟ್ಟಿಯಲ್ಲಿ ತುಂಬಿಕೊಂಡು ಬಂದರು. ಮುಚ್ಚಳ ಹಾಕಿ ರೆನೆಟ್ಟಾಳ ಕೈಗಿತ್ತರು.

“ಈಗ ತಗೋ. ಇದು ಉಡುಗೊರೆ ಅಲ್ಲ. ಮಂಗಳವಾರ ನಾನು ಬಂದಾಗ ಬುಟ್ಟಿ ವಾಪಸ್ ಬೇಕು.”

ಭಾನುವಾರ ಸಾಕ್ಷಿ ಹೇಳುವ ಹೊತ್ತು ಬಂತು. ವಾರದಲ್ಲಿ ದೇವರು ತಮಗೆ ಮಾಡಿದ್ದನ್ನು ಯಾರು ಬೇಕಾದರೂ ಎದ್ದು ಹೇಳಬಹುದಾದ ಹೊತ್ತು. ಹಿಂದಿನ ರಾತ್ರಿ ದೊಡ್ಡಮ್ಮನಿಗೆ ಮೊದಲು ಹೇಳಿಬಿಡಬೇಕೆಂದು ರೆನೆಟ್ಟಾ ಅಡುಗೆಮನೆಯವರೆಗೂ ಹೋಗಿದ್ದಳು. ದೊಡ್ಡಮ್ಮ ಬಿಳಿ ಗ್ಲೌಸುಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಅಲ್ಲಿ ಮತ್ತೆ ಧೈರ್ಯ ಕೈಕೊಟ್ಟಿತು. ಎಲ್ಲರೆದುರು ತೆಗೆದುಕೊಂಡದ್ದನ್ನು ಎಲ್ಲರೆದುರೇ ವಾಪಸು ಕೊಡುತ್ತೇನೆ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಅದರಲ್ಲಿ ಹೇಡಿತನವೂ ಇತ್ತು. ಆ ವಯಸ್ಸಾದವಳಿಗೆ ಇದು ಹೀಗೆ ಗೊತ್ತಾಗಬಾರದಿತ್ತು.

ರೆನೆಟ್ಟಾ ಎದ್ದಳು. ಅಷ್ಟೇ ತಡ, ಬಾಗಿಲ ಬಳಿಯಿಂದ ದೊಡ್ಡಮ್ಮ ಚಪ್ಪಾಳೆ ಶುರು ಮಾಡಿದಳು. ಹುಡುಗಿ ಕೊನೆಗೂ ತಾನೇ ಎದ್ದು ದೇವರಿಗೆ ಸ್ತೋತ್ರ ಹೇಳಲಿದ್ದಾಳೆ! ಬೆಂಚಿನಿಂದ ಬೆಂಚಿಗೆ ಚಪ್ಪಾಳೆ ಹಬ್ಬಿತು. ಪಾಸ್ಟರ್ ತಲೆದೂಗಿದರು. ಆರ್ಗನ್ನೂ ಸೇರಿಕೊಂಡಿತು. ರೆನೆಟ್ಟಾ ಎರಡೂ ಕೈಗಳನ್ನು ಮುಂದಿನ ಬೆಂಚಿನ ಬೆನ್ನಿಗೆ ಒತ್ತಿ ಹಿಡಿದುಕೊಂಡಳು, ಮತ್ತೆ ತಾವಾಗಿಯೇ ಬೀಸದಿರಲಿ ಎಂದು. ಚಪ್ಪಾಳೆ ನಿಲ್ಲುವವರೆಗೆ ನಿಂತೇ ಇರಬೇಕಾಯಿತು. ಪ್ರತಿಯೊಂದು ಸದ್ದೂ ಕೆನ್ನೆಗೆ ಬೀಳುತ್ತಿದ್ದ ಹಾಗಿತ್ತು. ಎಡಗಡೆ ಮೂರನೆಯ ಬೆಂಚಿನಲ್ಲಿ, ತಂಗಿಯ ಮಗಳ ಪಕ್ಕದಲ್ಲಿ, ಮಿಸ್ ಅರ್ನೆಸ್ಟೀನ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರೊಬ್ಬರೇ ಚಪ್ಪಾಳೆ ತಟ್ಟಲಿಲ್ಲ.

ಸದ್ದಡಗಿತು.

“ಫೆಬ್ರವರೀಲಿ ನೀವೆಲ್ಲಾ ನನಗೋಸ್ಕರ ಎದ್ದು ನಿಂತ್ರಿ,” ಎಂದಳು ರೆನೆಟ್ಟಾ. “ನಾನು ಪಾಸಾಗಿರ್ಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಬೀಸ್ದೆ.”

ಜನರ ಕೈಯಲ್ಲಿದ್ದ ಬೀಸಣಿಗೆಗಳು ನಿಂತವು. ಯಾರೋ ಆಮೆನ್ ಎನ್ನಲು ಬಾಯಿ ತೆರೆದವರು ಅಲ್ಲೇ ನಿಲ್ಲಿಸಿದರು. ಬಾಗಿಲಲ್ಲಿ ದೊಡ್ಡಮ್ಮನ ಬಿಳಿ ಕೈಗಳು ಇನ್ನೊಂದು ಚಪ್ಪಾಳೆಗೆಂದು ಅಗಲವಾಗಿ ತೆರೆದು ಹಾಗೆಯೇ ಉಳಿದಿದ್ದವು. ರೆನೆಟ್ಟಾ ಅವನ್ನು ನೋಡಿದಳು. ಮುಂದಿನ ಮಾತು ಬರಲಿಲ್ಲ. ದೊಡ್ಡಮ್ಮಾ ಎನ್ನಬೇಕಿತ್ತು. ಹೊರಟೇ ಹೋಗೋಣ ಎಂದು ಅವಳ ಕಾಲು ಪಕ್ಕಕ್ಕೆ ಸರಿಯಿತು.

ಆಗ ಮೂರನೆಯ ಬೆಂಚಿನಿಂದ, ನಮ್ಮ ಚರ್ಚಿನಲ್ಲಿ ಸಾಕ್ಷಿ ಹೇಳುವವರು ತಡವರಿಸಿದಾಗ ಹಿರಿಯರು ಯಾವಾಗಲೂ ಅನ್ನುವ ಹಾಗೆ, ಮಿಸ್ ಅರ್ನೆಸ್ಟೀನ್ ಗಟ್ಟಿಯಾಗಿ ಅಂದರು.

“ನಿಧಾನಕ್ಕೆ ಹೇಳು ಮಗಾ. ನನಗೇನೂ ಅವಸರ ಇಲ್ಲ.”

ರೆನೆಟ್ಟಾ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ನಿಂತಳು.